ಮೊಸರು, ಮಜ್ಜಿಗೆ ಮತ್ತು ಮುಪ್ಪು

ಕಳೆದ ತಿಂಗಳು ಪಗಾರದ ಮರುದಿನ ಸಂಜೆ ನಮ್ಮ ವಾಚನಾಲಯದ ಮೇಜಿನ ಮೇಲೆ ಗುಳಿಗೆಯ ಡಬ್ಬಿಯೊಂದು ಬಂದು ಕುಳಿತಿತು. ತಂದವರು ನೇಯ್ಗೆ ಖಾತೆಯ ಮಿತ್ರರು. ಊರಲ್ಲಿರುವ ಅವರ ತಂದೆಯವರಿಗೆ ಎಪ್ಪತ್ತು ದಾಟಿದೆ. ಈಚೆಗೆ ಊಟ ಸೇರದು, ನಾಲ್ಕು ಹೆಜ್ಜೆ ನಡೆದರೆ ಸುಸ್ತು. “ಇದು ಪ್ರೋಬಯಾಟಿಕ್, ಮುದುಕರಿಗೆ ಹೊಸ ಬಲ ಬರುತ್ತದೆ” ಎಂದು ಅಂಗಡಿಯವನು ಹೇಳಿ ಕೊಟ್ಟನಂತೆ. ಡಬ್ಬಿಯ ಬೆಲೆ ಅವರ ನಾಲ್ಕು ದಿನದ ಖಾನಾವಳಿ ಖರ್ಚಿಗೆ ಸಮ. “ಅಣ್ಣಾರ, ಇಂಥವು ತಿಂಗಳಿಗೆ ಎರಡು ಬೇಕಂತ. ಅಪ್ಪಗ ಇದನ್ನ ಕಳಸೂದು ಚಲೋನೋ, ರೊಕ್ಕಾ ಕಳಸೂದು ಚಲೋನೋ?” ಎಂದು ಕೇಳಿದರು.

ನಾವು ವೈದ್ಯರಲ್ಲ, ಮೆಟ್ರಿಕ್ ಮುಗಿಸಿದ ಗುಮಾಸ್ತರು. ಆದರೂ ಈ ಪ್ರಶ್ನೆ ಊರಲ್ಲಿ ತಾಯಿತಂದೆಗಳನ್ನು ಬಿಟ್ಟು ಬಂದ ನಮ್ಮೆಲ್ಲರದು. ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಪ್ರೋಬಯಾಟಿಕ್ ಎಂಬ ಹೆಸರು ದೊಡ್ಡದು, ಅರ್ಥ ಸರಳ. ತಕ್ಕ ಪ್ರಮಾಣದಲ್ಲಿ ಸೇವಿಸಿದರೆ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರು 2001ರಲ್ಲಿ ಹೇಳಿದರು. ಹಾಲಿಗೆ ಹೆಪ್ಪು ಹಾಕಿದಾಗ ನಡೆಯುವುದೂ ಸೂಕ್ಷ್ಮಜೀವಿಗಳ ಕೆಲಸವೇ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ; ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಆದರೆ ಮನೆಯ ಮೊಸರಿನಲ್ಲಿ ಯಾವ ಜಾತಿಯವು ಎಷ್ಟಿವೆಯೆಂದು ಯಾರೂ ಎಣಿಸಿರುವುದಿಲ್ಲ. ಆದ್ದರಿಂದ ಶಾಸ್ತ್ರಜ್ಞರು ಅದಕ್ಕೆ ಆ ಹೆಸರು ಕೊಡಲು ಹಿಂಜರಿಯುತ್ತಾರೆ.

ಹಾಗಾದರೆ ಮೊಸರಿಗೂ ಮುಪ್ಪಿಗೂ ಗಂಟು ಹಾಕಿದವರಾರು? ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿ. ದೊಡ್ಡ ಕರುಳಿನಲ್ಲಿ ಕೊಳೆಯುವ ಪದಾರ್ಥದ ವಿಷವೇ ಮುಪ್ಪಿಗೆ ಕಾರಣ, ಹುಳಿ ಹಾಲಿನ ಜೀವಿಗಳು ಆ ಕೊಳೆಯುವಿಕೆಯನ್ನು ತಡೆಯುತ್ತವೆ ಎಂದು ಅವರು ನಂಬಿದರು. ಹುಳಿ ಹಾಲು ಕುಡಿಯುವ ಬಲ್ಗೇರಿಯದ ರೈತರು ಬಹುಕಾಲ ಬದುಕುತ್ತಾರೆಂಬ ಮಾತನ್ನು ಆಧಾರವಾಗಿ ಹಿಡಿದರು. ಬಲ್ಗೇರಿಯದವರೇ ಆದ ಸ್ತಾಮೆನ್ ಗ್ರಿಗೊರೋವ್ 1905ರಲ್ಲಿ ಜಿನೀವಾದಲ್ಲಿ ತಮ್ಮ ನಾಡಿನ ಮೊಸರಿನ ಜೀವಿಯನ್ನು ಗುರುತಿಸಿದ್ದರು. ಮೆಚ್ನಿಕಾಫರಿಗೆ 1908ರಲ್ಲಿ ನೊಬೆಲ್ ಬಹುಮಾನ ಬಂದಿತು. ಆದರೆ ಅದು ಮೊಸರಿಗಾಗಿ ಬಂದದ್ದಲ್ಲ. ದೇಹವು ರೋಗಾಣುಗಳೊಡನೆ ಹೋರಾಡುವ ಬಗೆಯನ್ನು ಕಂಡುಹಿಡಿದದ್ದಕ್ಕೆ ಬಂದದ್ದು. ದಿನವೂ ಹುಳಿ ಹಾಲು ಕುಡಿದ ಆ ಮಹಾಶಯರು 1916ರಲ್ಲಿ 71ನೆಯ ವಯಸ್ಸಿಗೆ ತೀರಿಕೊಂಡರು.

ಅಂದಮೇಲೆ ಅವರ ಮಾತೆಲ್ಲ ಸುಳ್ಳೇ? ಹಾಗೂ ಅಲ್ಲ. ಐರ್ಲೆಂಡಿನಲ್ಲಿ 178 ಮಂದಿ ವೃದ್ಧರನ್ನು ಪರೀಕ್ಷಿಸಿದ ಫಲ 2012ರಲ್ಲಿ ಪ್ರಕಟವಾಯಿತು. ಮನೆಯಲ್ಲಿದ್ದು ಬಗೆಬಗೆಯ ಆಹಾರ ಉಣ್ಣುವವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ಬಗೆಗಳೂ ಹೆಚ್ಚಿದ್ದವು. ಬಹುಕಾಲ ಆರೈಕೆಯ ಗೃಹಗಳಲ್ಲಿದ್ದವರಲ್ಲಿ ಕಡಿಮೆಯಿದ್ದವು, ಅವರಲ್ಲಿ ನಿಶ್ಶಕ್ತಿಯೂ ಹೆಚ್ಚಾಗಿ ಕಂಡಿತು. ಯೂರೋಪಿನ ಐದು ದೇಶಗಳ 612 ವೃದ್ಧರ ಇನ್ನೊಂದು ಅಧ್ಯಯನ 2020ರಲ್ಲಿ ಹೊರಬಂದಿತು. ಕಾಯಿಪಲ್ಯ, ಬೇಳೆಕಾಳು, ಹಣ್ಣು, ಇಡಿಯ ಧಾನ್ಯಗಳು ಹೆಚ್ಚಾಗಿದ್ದ ಊಟವನ್ನು ಒಂದು ವರ್ಷ ಸರಿಯಾಗಿ ಪಾಲಿಸಿದವರ ಕರುಳಿನ ಜೀವಿಗಳು ಒಳ್ಳೆಯ ದಿಕ್ಕಿಗೆ ತಿರುಗಿದ್ದವು. ಕರುಳಿನ ಜೀವಿಗಳಿಗೆ ನಾರಿನಂಶವೇ ಮೇವು. ಬಿತ್ತಿದರೆ ಸಾಲದು, ಗೊಬ್ಬರವೂ ಬೇಕೆಂಬುದು ಒಕ್ಕಲುಮಕ್ಕಳಿಗೆ ಹೇಳಿಕೊಡಬೇಕಾದ ಮಾತಲ್ಲ.

ಗುಳಿಗೆಯ ಕಥೆ ಬೇರೆ. ಜೀವಿನಾಶಕ ಔಷಧ ತೆಗೆದುಕೊಂಡ, 65 ದಾಟಿದ ಸುಮಾರು 2,900 ಮಂದಿ ಆಸ್ಪತ್ರೆಯ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಪ್ರೋಬಯಾಟಿಕ್ ಗುಳಿಗೆ, ಉಳಿದವರಿಗೆ ಬರಿಯ ಹುಸಿಗುಳಿಗೆ. ಔಷಧದಿಂದಾಗುವ ಭೇದಿ ಎರಡೂ ಕಡೆ ನೂರಕ್ಕೆ ಹತ್ತು ಹನ್ನೊಂದು ಮಂದಿಗೆ ಬಂದಿತು. ಎಲ್ಲ ಗುಳಿಗೆಗಳೂ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಯಾವ ಜಾತಿಯ ಜೀವಿ, ಯಾವ ಕಾಯಿಲೆಗೆ ಎಂಬುದನ್ನು ವೈದ್ಯರು ಹೇಳಬೇಕೇ ಹೊರತು ಅಂಗಡಿಯವನಲ್ಲ.

ಮೊಸರಿನಿಂದ ಖಚಿತವಾಗಿ ದೊರೆಯುವ ಲಾಭಗಳೂ ಇವೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವ ಅನೇಕರಿಗೆ ಮೊಸರು ಒಗ್ಗುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸಲು ಅದರ ಜೀವಿಗಳೇ ನೆರವಾಗುತ್ತವೆ. ಹಲ್ಲಿಲ್ಲದವರೂ ನುಂಗಬಹುದು. ಮೂಳೆಗೆ ಬೇಕಾದ ಸುಣ್ಣದಂಶವೂ ಸ್ನಾಯುವಿಗೆ ಬೇಕಾದ ಸಸಾರಜನಕವೂ ಅದರಲ್ಲಿವೆ. ಒಂದು ಮಾತು ನೆನಪಿರಲಿ: ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಜೀವಿಗಳು ಉಳಿಯವು. ಹಬೆಯಲ್ಲಿ ಬೆಂದ ಇಡ್ಲಿಯಲ್ಲೂ ಉಳಿಯವು; ಆದರೂ ಹುದುಗಿದ ಇಡ್ಲಿ ಹಗುರಾದ ಒಳ್ಳೆಯ ಆಹಾರವೇ. ರಾಗಿ ಅಥವಾ ಜೋಳದ ಅಂಬಲಿಯನ್ನು ಆರಿಸಿ, ಆಮೇಲೆ ಮಜ್ಜಿಗೆ ಬೆರೆಸಿದರೆ ಜೀವಿಗಳೂ ಉಂಟು, ಅವಕ್ಕೆ ಮೇವೂ ಉಂಟು. ರಕ್ತದೊತ್ತಡ ಇರುವವರು ಉಪ್ಪು ಕಡಿಮೆ ಹಾಕಬೇಕು. ಮೂತ್ರಪಿಂಡದ ಕಾಯಿಲೆಯವರೂ, ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರೂ ವೈದ್ಯರನ್ನು ಕೇಳಿಯೇ ಆಹಾರ ಬದಲಿಸಬೇಕು. ಹಾಲನ್ನು ಚೆನ್ನಾಗಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಶುಚಿಯಾದ ಪಾತ್ರೆಯಲ್ಲಿ ಹೆಪ್ಪು ಹಾಕಬೇಕೆಂಬುದನ್ನು ಖೋಲಿಯಲ್ಲಿ ಅಡಿಗೆ ಮಾಡಿಕೊಳ್ಳುವ ನಮ್ಮ ತರುಣರೂ ಮರೆಯಬಾರದು.

ಇನ್ನು ಮಿತ್ರರ ಪ್ರಶ್ನೆ. ಎಪ್ಪತ್ತು ದಾಟಿದವರಿಗೆ ಹಸಿವು ಕಟ್ಟಿ ಸುಸ್ತು ಬಂದರೆ ಅದನ್ನು “ವಯಸ್ಸಾಯಿತು” ಎಂದು ಬಿಡಬಾರದು. ರಕ್ತಹೀನತೆ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಯಾವುದಾದರೂ ಇರಬಹುದು. ಮೊಸರು ಊಟಕ್ಕೆ ಜೊತೆ, ರೋಗಕ್ಕೆ ಮದ್ದಲ್ಲ. ಆ ಡಬ್ಬಿಯನ್ನು ಮರಳಿ ಕೊಟ್ಟು, ಹಣವನ್ನು ಊರಿಗೆ ಕಳಿಸಿ, ತಂದೆಯವರನ್ನು ತಾಲ್ಲೂಕಿನ ಆಸ್ಪತ್ರೆಗೆ ತೋರಿಸಿ ಎಂದೆವು. ಅಂಗಡಿಯವನು ಡಬ್ಬಿ ಮರಳಿ ಪಡೆಯಲಿಲ್ಲ. ಎರಡನೆಯದನ್ನು ಮಿತ್ರರು ಕೊಳ್ಳಲೂ ಇಲ್ಲ. ಆ ದುಡ್ಡು ಊರಿಗೆ ಹೋಗಿದೆ. ಕಳೆದ ವಾರ ತಮ್ಮನು ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತದ ಪರೀಕ್ಷೆ ಮಾಡಿಸಿದ್ದಾನೆ.

ವಾಚಕರು ಈ ಭಾನುವಾರ ಊರಿಗೆ ಫೋನು ಮಾಡಿದಾಗ “ಚೆನ್ನಾಗಿದ್ದೀರಾ?” ಎಂದಷ್ಟೇ ಕೇಳದೆ, “ಇವತ್ತು ಏನೇನು ಉಂಡಿರಿ?” ಎಂದೂ ಒಂದು ಮಾತು ಕೇಳಬೇಕೆಂದು ನಮ್ಮ ವಿನಂತಿ.