ಗದ್ದೆಗೆ ಬಂದ ಕಾನೂನು ತೋಟ ಹತ್ತಲಿಲ್ಲ

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅಸ್ಪೃಶ್ಯತೆಯ ಕಾದಂಬರಿ ಎಂದೇ ಅದನ್ನು ಓದುವ ರೂಢಿ, ಅದು ಸರಿಯೇ. ಆದರೆ ಚೋಮನ ಮನೆಯನ್ನು ಒಬ್ಬೊಬ್ಬರಾಗಿ ಬರಿದು ಮಾಡುವುದು ಕಾಫಿ ತೋಟದ ಸಾಲ. ವಸೂಲಿಗೆಂದು ತೋಟದ ಕಡೆಯ ಮನ್ವೇಲ ಗುಡಿಸಲಿಗೇ ಬರುತ್ತಾನೆ. ಸಾಲ ತೀರಿಸಲು ಮಕ್ಕಳಾದ ಚನಿಯ, ಗುರುವ ಘಟ್ಟ ಹತ್ತುತ್ತಾರೆ. ಗುರುವ ಕ್ರೈಸ್ತನಾಗಿ ಮನೆಗೆ ಎರವಾಗುತ್ತಾನೆ, ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ, ಸಾಲ ಮಾತ್ರ ಹಾಗೇ ಇರುತ್ತದೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಅವಳು ತೆತ್ತದ್ದು ಯಾವ ಕೂಲಿ ಲೆಕ್ಕಕ್ಕೂ ಸಿಗುವಂಥದ್ದಲ್ಲ. ಇಷ್ಟೆಲ್ಲ ನಡೆಯುವಾಗ ಚೋಮ ಧಣಿಯ ಬಳಿ ಕೇಳುತ್ತಿದ್ದದ್ದು ಒಂದೇ: ಉಳಲು ಒಂದು ತುಂಡು ಗದ್ದೆ, ಗೇಣಿಗಾದರೂ ಸರಿ.

ಕತೆ ನಡೆಯುವುದು ಘಟ್ಟದ ಕೆಳಗೆ, ಸಾಲದ ಬೇರು ಇರುವುದು ಮೇಲೆ. ಚಾರ್ಮಾಡಿ ಹತ್ತಿದರೆ ಕೊಟ್ಟಿಗೆಹಾರ. ಅಲ್ಲಿಂದ ಒಂದು ದಾರಿ ಮೂಡಿಗೆರೆ, ಚಿಕ್ಕಮಗಳೂರಿನತ್ತ, ಇನ್ನೊಂದು ಕಳಸದತ್ತ. ಮಲೆನಾಡಿನ ಈ ಭಾಗದಲ್ಲಿ ಯಾರು ಉಳ್ಳವರು, ಯಾರು ಇಲ್ಲದವರು ಎಂಬುದನ್ನು ದಿನಗೂಲಿಯ ಮೊತ್ತ ಒಂದನ್ನೇ ನೋಡಿ ಹೇಳಲು ಬರುವುದಿಲ್ಲ. ತಲೆಯ ಮೇಲಿನ ಸೂರು ಯಾರದ್ದು, ಕೈಗೆ ಬಂದ ಮುಂಗಡ ಯಾರದ್ದು ಎಂದು ಕೇಳಬೇಕು.

ಕಾಫಿಗೆ ಮೊದಲು ಇಲ್ಲಿ ಎಲ್ಲರೂ ಸಮನಾಗಿದ್ದರು ಎಂದೇನಲ್ಲ. ಲೂಯಿಸ್ ರೈಸ್ ಸಿದ್ಧಪಡಿಸಿದ ಮೈಸೂರು ಗ್ಯಾಝೆಟಿಯರ್ ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆಯ ಆಳುಗಳನ್ನು ಹೆಸರಿಸುತ್ತದೆ. ಹುಟ್ಟಾಳು ಒಂದು ಮನೆತನಕ್ಕೆ ವಂಶಪಾರಂಪರ್ಯವಾಗಿ ದುಡಿಯುವವನು. ಮಣ್ಣಾಳು ಭೂಮಿಯೊಂದಿಗೆ ಕೈ ಬದಲಾಗುವವನು. ಬಾಬಾಬುಡನ್‌ ಏಳು ಕಾಫಿ ಬೀಜ ತಂದ ಕತೆ ಎಲ್ಲರಿಗೂ ಗೊತ್ತು. ಆದರೆ ದೊಡ್ಡ ಮಟ್ಟದ ತೋಟಗಾರಿಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಯುರೋಪಿಯನ್ ಪ್ಲಾಂಟರುಗಳ ಜೊತೆಗೆ. ಅವರು ಕಾಡು ಕಡಿಸಿ ಗಿಡ ನೆಡಿಸಿದರು, ಕೂಲಿಯನ್ನು ನಗದಾಗಿ ಕೊಟ್ಟರು. ಗೌಡರ ಅಂಗಳದಲ್ಲಿ ಭತ್ತ ಅಳೆಸಿಕೊಳ್ಳುತ್ತಿದ್ದವನ ಕೈಗೆ ಮೊದಲ ಸಲ ನಾಣ್ಯ ಬಂತು. ಆ ನಾಣ್ಯ ಸಣ್ಣ ಸಂಗತಿಯಲ್ಲ. ಹಳೆಯ ಧಣಿಯನ್ನು ಬಿಟ್ಟು ಹೋಗಲು ಒಂದು ಜಾಗ ಇದೆ ಎಂದಾಯಿತು. ತೋಟವನ್ನು ಬರೀ ನರಕವೆಂದು ಬರೆಯುವವರು ಇದನ್ನು ಮರೆಯುತ್ತಾರೆ.

ಆದರೆ ನಾಣ್ಯ ಬಂದದ್ದು ಮುಂಗಡದ ರೂಪದಲ್ಲಿ. ಪ್ಲಾಂಟರು ಮೇಸ್ತ್ರಿಗೆ ಕೊಡುವನು, ಮೇಸ್ತ್ರಿ ಊರೂರು ತಿರುಗಿ ಮದುವೆಗೋ ಔಷಧಿಗೋ ಹಬ್ಬಕ್ಕೋ ಎಂದು ಆಳುಗಳಿಗೆ ಹಂಚುವನು, ತಲೆಗೆ ಇಷ್ಟೆಂದು ಕಮಿಷನ್ ಹಿಡಿಯುವನು. ಮುಂಗಡ ಪಡೆದು ಕೆಲಸ ಬಿಟ್ಟರೆ ಜೈಲಿಗೆ ಕಳಿಸಲು 1859ರಲ್ಲೇ ಬ್ರಿಟಿಷ್ ಸರ್ಕಾರ ಕಾನೂನು ಮಾಡಿತ್ತು. ಕರಾರು ಮುರಿಯುವುದು ಸಿವಿಲ್ ವ್ಯಾಜ್ಯ. ಆಳು ಮುರಿದರೆ ಮಾತ್ರ ಅಪರಾಧ. 1925ರಲ್ಲಿ ಅದನ್ನು ರದ್ದುಪಡಿಸುವ ಕಾಯ್ದೆ ಬರುವ ಹೊತ್ತಿಗೆ ಮುಂಗಡದ ಪದ್ಧತಿ ಕಾನೂನಿನ ಊರುಗೋಲಿಲ್ಲದೆ ನಡೆಯುವಷ್ಟು ಬಲಿತಿತ್ತು. ಕಾರಂತರು ಬರೆದದ್ದು ಆಮೇಲೆ ಎಂಟು ವರ್ಷಕ್ಕೆ.

ಮಳೆಗಾಲಕ್ಕೆ ಊರಿಗೆ ಇಳಿಯದೆ ಮೇಲೆಯೇ ನಿಂತವರು ಲೈನ್ ಮನೆಗಳಲ್ಲಿ ಉಳಿದರು. ಒಂದೇ ಮಾಡಿನ ಕೆಳಗೆ ಸಾಲಾಗಿ ಎಂಟೋ ಹತ್ತೋ ಬಾಗಿಲು, ನಡುವೆ ಹಂಚಿಕೊಂಡ ಗೋಡೆ, ಮುಂದೆ ಉದ್ದಕ್ಕೂ ಒಂದು ಕಿರಿದಾದ ಜಗಲಿ. ಒಳಗೆ ಒಂದು ಕೋಣೆ, ಹಿಂದೆ ಒಲೆ. ಜುಲೈ ತಿಂಗಳಿಡೀ ಒಣಗದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಿರುತ್ತದೆ. ಕಂಬಳಿ ಕೊಪ್ಪೆಯ ಕಾಲ ಹೋಗಿ ಪ್ಲಾಸ್ಟಿಕ್ ಹಾಳೆಯ ಕಾಲ ಬಂದಿದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮನೆ, ವೈದ್ಯಕೀಯ ಸೌಲಭ್ಯ, ಹೆಂಗಸರು ಹೆಚ್ಚಿದ್ದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ, ಇವೆಲ್ಲ ಮಾಲೀಕನ ಹೊಣೆ ಎಂದಿತು. ಒಳ್ಳೆಯ ಕಾಯ್ದೆ. ಆದರೆ ಮನೆ ಕೆಲಸದ ಜೊತೆಗೆ ಬರುವ ವಸ್ತುವಾದ ಮೇಲೆ ಕೆಲಸದ ಜೊತೆಗೇ ಹೋಗುವ ವಸ್ತುವೂ ಆಯಿತು. ಲೈನಿನಲ್ಲಿ ಇರಬೇಕಾದರೆ ಆ ಬಾಗಿಲಿನಿಂದ ಒಬ್ಬರಾದರೂ ತೋಟಕ್ಕೆ ಹೋಗಬೇಕು. ಅಪ್ಪನಿಗೆ ಕೈಲಾಗದಾದಾಗ ಮಗ ಇಳಿಯಬೇಕು, ಮಗ ಬೆಂಗಳೂರಿಗೆ ಹೋದರೆ ಸೊಸೆ. ಇಲ್ಲವಾದರೆ ಮೂವತ್ತು ವರ್ಷ ಉರಿಸಿದ ಒಲೆಯನ್ನು ಬಿಟ್ಟು ಹೊರಡಬೇಕು.

ಭೂಸುಧಾರಣೆ ಏನು ಮಾಡಿತು ಎಂದು ಕೇಳುವವರಿದ್ದಾರೆ. ದೇವರಾಜ ಅರಸು ಕಾಲದಲ್ಲಿ ತಿದ್ದುಪಡಿಯಾದ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯುನಲ್‌ಗಳಲ್ಲಿ ವಾದ ನಡೆಯಿತು, ಗದ್ದೆ ಉಳುವವನ ಹೆಸರಿಗಾಯಿತು. ಕರಾವಳಿಯಲ್ಲಿ, ಮಲೆನಾಡಿನ ಭತ್ತದ ಬಯಲುಗಳಲ್ಲಿ ಇದು ನಿಜಕ್ಕೂ ಆಯಿತು. ಇವತ್ತಿನ ಎಷ್ಟೋ ಮಧ್ಯಮ ವರ್ಗದ ಮನೆಗಳ ಬುಡ ಅಲ್ಲಿದೆ. ಆದರೆ ಚೋಮ ಗೇಣಿದಾರನೇ ಆಗಿರಲಿಲ್ಲ, ಜಾತಿ ಅವನನ್ನು ಅಲ್ಲಿಯವರೆಗೂ ಬಿಟ್ಟಿರಲಿಲ್ಲ. ಗೇಣಿ ಇಲ್ಲದವನಿಗೆ ಗದ್ದೆ ಬರಲಿಲ್ಲ.

ಅಂಥವರಿಗೂ ಆ ಕಾಯ್ದೆಯಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಬೇರೆಯವರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡು ವಾಸವಿರುವ ಕೃಷಿ ಕೂಲಿಗೆ ಆ ಮನೆ ಅವನದೇ ಆಗುತ್ತದೆ ಎನ್ನುವುದು 38ನೇ ಕಲಮು. ಇನ್ನು 104ನೇ ಕಲಮು ತೆಗೆದು ನೋಡಬೇಕು: ಕಾಫಿ, ಟೀ, ರಬ್ಬರ್, ಏಲಕ್ಕಿಯಂಥ ಪ್ಲಾಂಟೇಶನ್ ಬೆಳೆಗಳ ತೋಟಗಳಿಗೆ ಜಮೀನಿನ ಮಿತಿ ಅನ್ವಯಿಸುವುದಿಲ್ಲ, 38ನೇ ಕಲಮೂ ಅನ್ವಯಿಸುವುದಿಲ್ಲ. ತೋಟವನ್ನು ತುಂಡು ಮಾಡಿದರೆ ಇಳುವರಿ ಕುಸಿಯುತ್ತದೆ, ವಿದೇಶಿ ವಿನಿಮಯ ಹೋಗುತ್ತದೆ ಎಂಬ ವಾದಕ್ಕೆ ತೂಕವಿದೆ ಎಂದೇ ಇಟ್ಟುಕೊಳ್ಳೋಣ. ಹತ್ತು ಅಡಿ ಅಗಲದ ಕೋಣೆ ಕೂಲಿಯವನ ಹೆಸರಿಗಾದರೆ ಯಾವ ಇಳುವರಿ ಕುಸಿಯುತ್ತಿತ್ತು? ನನ್ನ ಎಣಿಕೆಯಲ್ಲಿ ಮಲೆನಾಡಿನ ಬಡತನದ ಕಳೆದ ಐವತ್ತು ವರ್ಷದ ಚರಿತ್ರೆ ಈ ಎರಡು ಕಲಮುಗಳ ನಡುವೆ ಇದೆ. ಗದ್ದೆಯ ಬದುವಿನವರೆಗೆ ಬಂದ ಕಾನೂನು ತೋಟದ ಬೇಲಿಯ ಹತ್ತಿರ ನಿಂತುಬಿಟ್ಟಿತು.

ಇಷ್ಟು ಹೇಳಿ ನಿಲ್ಲಿಸಿದರೆ ಒಂದು ಕಡೆ ಸಾಹುಕಾರ, ಇನ್ನೊಂದು ಕಡೆ ಕೂಲಿ ಎಂಬ ಸಿನಿಮಾ ಚಿತ್ರ ಉಳಿಯುತ್ತದೆ. ಅದು ಪೂರ್ತಿ ನಿಜವಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿನೊಳಗಿನವು. ಎರಡು ಮೂರು ಎಕರೆಯವನು ಹೆಂಡತಿ ಮಕ್ಕಳ ಜೊತೆ ತಾನೇ ಹಣ್ಣು ಕೊಯ್ಯುತ್ತಾನೆ. 1942ರ ಕಾಫಿ ಕಾಯ್ದೆಯ ಕಾಲದಿಂದ 1996ರವರೆಗೆ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಟ್ಟು ಕಂತು ಕಂತಾಗಿ ಬರುವ ದುಡ್ಡಿಗೆ ಕಾಯುತ್ತಿದ್ದವನು ಅವನು. ಮಾರುಕಟ್ಟೆ ತೆರೆದ ಮೇಲೆ, 2000ದ ಆಸುಪಾಸಿನಲ್ಲಿ ದರ ನೆಲಕಚ್ಚಿದಾಗ ಬ್ಯಾಂಕಿನ ನೋಟಿಸು ಹಿಡಿದು ಕುಳಿತವನೂ ಅವನೇ. ಅವನನ್ನೂ ಕೂಲಿಯವರು ಸಾಹುಕಾರ್ರೇ ಎಂದೇ ಕರೆಯುತ್ತಾರೆ.

ಈ ಗೋಜಲನ್ನು ಚೆನ್ನಾಗಿ ಬಲ್ಲವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯಲ್ಲಿ ಸ್ವತಃ ಕಾಫಿ ಬೆಳೆಗಾರರಾಗಿದ್ದು, 2007ರಲ್ಲಿ ಅಲ್ಲೇ ತೀರಿಕೊಂಡರು. ಅವರ ‘ತಬರನ ಕತೆ’ಯ ತಬರಶೆಟ್ಟಿ ಪುರಸಭೆಯ ಸಣ್ಣ ನೌಕರ. ಕಾಫಿಯ ಮೇಲಿನ ತೆರಿಗೆ ವಸೂಲಿ ಅವನ ಪಾಲಿಗೆ ಬರುತ್ತದೆ, ಬೆಳೆಗಾರರು ಕೊಡುವುದಿಲ್ಲ, ದುಡ್ಡು ಬಾರದೆಯೇ ರಸೀತಿ ಹರಿದ ತಪ್ಪಿಗೆ ಬಾಕಿಯೆಲ್ಲ ಅವನ ತಲೆಗೆ. ಪಿಂಚಣಿ ನಿಲ್ಲುತ್ತದೆ, ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತದೆ. ಉಳ್ಳವರು ತೆರಿಗೆ ಕೊಡದಿದ್ದರೆ ಅದು ಚಳವಳಿ. ವಸೂಲು ಮಾಡಲಾಗದವನಿಗೆ ಅದು ಸಾಲ. ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಇದೇ ವಿಷಯಕ್ಕೆ ಇನ್ನೊಂದು ಮುಖವಿದೆ. ಊರಿನ ಲೆಕ್ಕದಲ್ಲಿ ಕೆಲಸಕ್ಕೆ ಬಾರದ, ಜೇನು ಹಿಡಿಯುವ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬ ದೊಡ್ಡ ನಿಸರ್ಗಜ್ಞಾನಿಯನ್ನು ಕಾಣುತ್ತಾನೆ. ಬಡವನ ಅರಿವಿಗೆ ಸಂಬಳವಿಲ್ಲದ್ದೂ ಒಂದು ಬಗೆಯ ಬಡತನವೇ ಎಂದು ಕನ್ನಡದಲ್ಲಿ ಇಷ್ಟು ನಗುನಗುತ್ತಾ ಬರೆದವರು ಕಡಿಮೆ.

ಕೊಯ್ಲಿನ ದಿನ ಸಂಜೆ ಯಾವುದಾದರೂ ತೋಟದ ಕಣಕ್ಕೆ ಹೋದರೆ ವರ್ಗ ಎಂಬುದು ಕಣ್ಣಿಗೇ ಕಾಣುತ್ತದೆ. ಹೆಂಗಸರು ಚೀಲ ಸುರಿದು ಎಲೆ, ಕಡ್ಡಿ, ಕಾಯಿ ಆರಿಸಿ ಹಣ್ಣನ್ನು ತಕ್ಕಡಿಗೆ ಇಡುತ್ತಾರೆ. ಲೆಕ್ಕ ಬರೆಯುವ ರೈಟರು ಮುಳ್ಳು ನೋಡುತ್ತಾನೆ, ಕೊಯ್ದವಳೂ ನೋಡುತ್ತಾಳೆ. ಚೀಲದ ತೂಕ, ನೀರಿನ ತೂಕ ಎಂದು ಒಂದೆರಡು ಕಿಲೋ ಇಳಿಸಿದರೆ ಮಾತಿಗೆ ಮಾತು ಬೆಳೆಯುತ್ತದೆ. ಈ ಜಗಳದಲ್ಲಿ ಸಾಹುಕಾರರು ಇರುವುದೇ ಇಲ್ಲ, ಇಬ್ಬರೂ ಸಂಬಳದವರೇ. ಒಳ್ಳೆಯ ಬೀಜ ಗ್ರೇಡಾಗಿ ಹಡಗು ಹತ್ತಿದ ಮೇಲೆ ಉಳಿದ ಕಪ್ಪು, ಒಡಕು ಬೀಜದ ಪುಡಿಯಲ್ಲಿ ಬೆಲ್ಲದ ಕಾಫಿ ಲೈನಿನಲ್ಲಿ ಕುದಿಯುತ್ತದೆ.

ಈಚೆಗೆ ರಾಜ್ಯ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಸರ್ಕಾರಿ ಕಂದಾಯ ಭೂಮಿಯನ್ನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷಗಳ ಗುತ್ತಿಗೆ. ಸಣ್ಣ ಬೆಳೆಗಾರನಿಗೆ ಇದರಿಂದ ನೆಮ್ಮದಿ ಸಿಕ್ಕಿರುವುದು ಸುಳ್ಳಲ್ಲ. ಆದರೆ ಅದೇ ತಾಲ್ಲೂಕು ಕಚೇರಿಯ ಮುಂದೆ ಒಂದು ನಿವೇಶನಕ್ಕಾಗಿ ಧರಣಿ ಕೂರುವವರಿಗೆ ಜಾಗವಿಲ್ಲ, ಎಲ್ಲ ಅರಣ್ಯ, ಗೋಮಾಳ, ಡೀಮ್ಡ್ ಫಾರೆಸ್ಟ್ ಎಂಬ ಉತ್ತರ ಸಿಗುತ್ತದೆ. 25 ಎಕರೆಗೆ ಸಿಕ್ಕುವ ಭೂಮಿ ಮೂವತ್ತು ನಲವತ್ತು ಅಡಿಗೆ ಸಿಕ್ಕುವುದಿಲ್ಲ.

ಲೈನಿನಲ್ಲಿ ಬೆಳೆದ ಮಕ್ಕಳು ಈಗ ಬೆಂಗಳೂರಿನ ಗಾರ್ಮೆಂಟ್ಸ್, ಮಂಗಳೂರಿನ ಹೋಟೆಲುಗಳಿಗೆ ಹೋಗುತ್ತಿದ್ದಾರೆ. ಖಾಲಿಯಾದ ಬಾಗಿಲುಗಳಿಗೆ ಅಸ್ಸಾಂ, ಬಂಗಾಳದ ಕುಟುಂಬಗಳು ಬಂದಿವೆ. ರೈಲಿನ ಖರ್ಚು, ಮುಂಗಡ ಎಲ್ಲ ಕಂಟ್ರಾಕ್ಟರನ ಕೈಯಲ್ಲೇ ಬರುತ್ತದೆ, ಮೇಸ್ತ್ರಿ ಎಂಬ ಹೆಸರು ಮಾತ್ರ ಬದಲಾಗಿದೆ. ಅವರ ಮತ ಊರಿನಲ್ಲಿದೆ, ಮೈ ಇಲ್ಲಿದೆ. ಹಾಗಾಗಿ ಚುನಾವಣೆ ಹತ್ತಿರ ಬಂದಾಗ ಲೈನಿಗೆ ಬರುತ್ತಿದ್ದ ಜೀಪುಗಳೂ ಈಗ ಕಡಿಮೆ. ನಿವೇಶನದ ಅರ್ಜಿ ಹಾಕಲು ಬೇಕಾದ ಸ್ಥಳೀಯ ದಾಖಲೆ ಅವರಲ್ಲಿ ಹೆಚ್ಚಿನವರ ಬಳಿ ಇಲ್ಲ.