ಸ್ಕ್ಯಾನಿಂಗ್‌ನಲ್ಲಿ ಕಂಡ ಬೆನ್ನೆಲುಬಿನ ದೋಷ

ಐದನೇ ತಿಂಗಳ ಸ್ಕ್ಯಾನಿಂಗ್ ವರದಿಯಲ್ಲಿ ‘ಬೆನ್ನೆಲುಬಿನಲ್ಲಿ ದೋಷ’ ಎಂಬ ಸಾಲು ಕಂಡರೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಮಗು ಬದುಕುವುದೇ, ನಡೆಯುವುದೇ, ಬಸಿರು ಮುಂದುವರಿಸಬೇಕೇ ಎಂಬ ಪ್ರಶ್ನೆಗಳು ಒಮ್ಮೆಲೇ ಎದುರಾಗುತ್ತವೆ. ಆದರೆ ಈ ಒಂದು ಸಾಲಿನ ಹಿಂದೆ ಬೇರೆ ಬೇರೆ ತೊಂದರೆಗಳಿರಬಹುದು. ಕೆಲವು ಬಹಳ ಗಂಭೀರ. ಕೆಲವಕ್ಕೆ ಮಗು ಹುಟ್ಟಿದ ಮೇಲೆ ನಿಗಾ ಇಟ್ಟರೆ ಸಾಕು.

ಸ್ಕ್ಯಾನಿಂಗ್‌ನಲ್ಲಿ ಬಳಸುವುದು ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು, ಎಕ್ಸ್‌-ರೇ ಅಲ್ಲ. ಮೂಳೆಗೆ ಬಡಿದ ಅಲೆಗಳು ಬಲವಾಗಿ ಹಿಂದಿರುಗುವುದರಿಂದ ಅದು ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. 18ರಿಂದ 20ನೇ ವಾರದ ಹೊತ್ತಿಗೆ ಭ್ರೂಣದ ಬೆನ್ನೆಲುಬು ಮಣಿ ಪೋಣಿಸಿದ ಸರದಂತೆ ತೋರುತ್ತದೆ.

ಇಲ್ಲಿ ಮುಖ್ಯವಾಗಿ ಹುಡುಕುವುದು ಸ್ಪೈನಾ ಬೈಫಿಡಾ, ಅಂದರೆ ಬೆನ್ನೆಲುಬಿನ ಸೀಳು. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕಾದ ನರನಾಳ ತೆರೆದೇ ಉಳಿದರೆ ಬೆನ್ನುಹುರಿಗೆ ಹಾನಿಯಾಗುತ್ತದೆ. ಕಾಲುಗಳ ಬಲ, ಮಲಮೂತ್ರದ ಹಿಡಿತ ತಪ್ಪಬಹುದು. ಸಣ್ಣ ಸೀಳು ಪರೀಕ್ಷಕರ ಕಣ್ಣಿಗೆ ಬೀಳದೆ ಹೋಗುವುದೂ ಉಂಟು. ಆಗ ಸುಳಿವು ಕೊಡುವುದು ಮಗುವಿನ ತಲೆ! 1986ರಲ್ಲಿ ಲಂಡನ್ನಿನ ವೈದ್ಯ ನಿಕೊಲೈಡಿಸ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಹಣೆಯ ಎರಡೂ ಬದಿ ಒಳಬಾಗಿ ತಲೆಬುರುಡೆ ನಿಂಬೆಹಣ್ಣಿನಂತೆ (ನಮ್ಮ ದುಂಡು ನಿಂಬೆಯಲ್ಲ, ತುದಿ ಚೂಪಾದ ಪಾಶ್ಚಾತ್ಯರ ನಿಂಬೆ), ಕಿರುಮೆದುಳು ಬಾಳೆಹಣ್ಣಿನಂತೆ ಬಾಗಿ ಕಾಣುತ್ತದೆ. ಈ ಎರಡು ಗುರುತುಗಳಿಂದಾಗಿ ರೋಗಪತ್ತೆ ಎಷ್ಟೋ ಸುಲಭವಾಯಿತು.

ವರದಿಯಲ್ಲಿ ‘ಹೆಮಿವರ್ಟಿಬ್ರಾ’ ಎಂದಿದ್ದರೆ ಕಥೆಯೇ ಬೇರೆ. ಬೆನ್ನೆಲುಬಿನ ಪ್ರತಿ ಮಣಿಯೂ ಎಡ, ಬಲ ಎರಡು ಭಾಗಗಳು ಕೂಡಿ ಆಗುವಂಥದು. ಒಂದು ಭಾಗ ಬೆಳೆಯದಿದ್ದರೆ ಅರ್ಧ ಮಣಿ ಬೆಣೆಯಂತೆ ಉಳಿಯುತ್ತದೆ. ಇದೊಂದೇ ದೋಷವಾದರೆ ಮಗುವಿನ ಆರೋಗ್ಯ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಬೆಳೆಯುತ್ತ ಬೆನ್ನು ಪಕ್ಕಕ್ಕೆ ವಾಲಬಹುದು. ಮೂಳೆತಜ್ಞರಿಗೆ ಆಗಾಗ ತೋರಿಸುತ್ತಿರಬೇಕು, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾದೀತು. ಆದರೆ ಜೊತೆಗೆ ಹೃದಯ, ಮೂತ್ರಪಿಂಡ, ಅನ್ನನಾಳದ ದೋಷಗಳೂ ಇರಬಹುದಾದ್ದರಿಂದ ಅವನ್ನೆಲ್ಲ ಎಚ್ಚರಿಕೆಯಿಂದ ನೋಡಿಸುವುದು ಅಗತ್ಯ.

ಪಕ್ಕೆಲುಬಿನ ವಿಷಯಕ್ಕೆ ಬಂದರೆ, ಒಂದು ಪಕ್ಕೆಲುಬು ಹೆಚ್ಚೋ ಕಡಿಮೆಯೋ ಇದ್ದಮಾತ್ರಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಲವು ಪಕ್ಕೆಲುಬುಗಳು ಒಂದಕ್ಕೊಂದು ಅಂಟಿ, ಬೆನ್ನಿನ ಮಣಿಗಳೂ ವಿಕಾರವಾಗಿದ್ದರೆ ಎದೆಗೂಡು ಕಿರಿದಾಗಿ ಶ್ವಾಸಕೋಶ ಬೆಳೆಯಲು ಎಡೆ ಸಾಲದು. ಈ ಅಪರೂಪದ ಕಾಯಿಲೆ ಸಾಮಾನ್ಯವಾಗಿ ಆರೋಗ್ಯವಂತ ತಂದೆ, ತಾಯಿ ಇಬ್ಬರಲ್ಲೂ ಅಡಗಿರುವ ದೋಷಯುಕ್ತ ವಂಶವಾಹಿಯಿಂದ ಬರುತ್ತದೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿದೆಯಲ್ಲ, ವೈದ್ಯರು ‘ಸಂಬಂಧದಲ್ಲಿ ಮದುವೆಯೇ?’ ಎಂದು ಕೇಳುವುದು ಇದಕ್ಕಾಗಿಯೇ. ಅದರಲ್ಲಿ ಆಕ್ಷೇಪಣೆಯೇನೂ ಇಲ್ಲ, ಮುಚ್ಚಿಡದೆ ಹೇಳಿ.

ವರದಿ ಕೈಗೆ ಬಂದಾಗ ಭ್ರೂಣತಜ್ಞರನ್ನು ಕಂಡು ಕೇಳಿ: ದೋಷ ಇದೊಂದೇ ಇದೆಯೇ? ಬೆನ್ನುಹುರಿಯ ಮೇಲೆ ಚರ್ಮದ ಹೊದಿಕೆ ಇದೆಯೇ? ಎದೆಗೂಡು ಸಾಕಷ್ಟು ದೊಡ್ಡದಿದೆಯೇ? ಸೊಸೆಯನ್ನು ಹೊರಗೆ ಕೂರಿಸಿ ಹಿರಿಯರಷ್ಟೇ ಮಾತಾಡುವುದು ಸರಿಯಲ್ಲ. ತೀರ್ಮಾನ ಆಕೆಯದು. 2021ರ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಆಮೇಲೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಸ್ಕ್ಯಾನಿಂಗನ್ನು ಏಳನೇ ತಿಂಗಳಿಗೆ ತಳ್ಳಿದರೆ ಯೋಚಿಸಲು ಸಮಯವೇ ಉಳಿಯದು.

ಒಮ್ಮೆ ಬೆನ್ನುಸೀಳಿನ ಮಗು ಹುಟ್ಟಿದ ಮನೆಯಲ್ಲಿ ಅದು ಮರುಕಳಿಸುವುದನ್ನು ಫೋಲಿಕ್ ಆಮ್ಲ ಶೇ 72ರಷ್ಟು ತಗ್ಗಿಸುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ಅಂಥವರಿಗೆ ವೈದ್ಯರು ಹೆಚ್ಚಿನ ಪ್ರಮಾಣದ ಮಾತ್ರೆ ಬರೆಯುತ್ತಾರೆ. ಉಳಿದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಮಾತ್ರೆಯನ್ನು ಗರ್ಭ ಧರಿಸುವ ಮೊದಲೇ ಶುರು ಮಾಡಬೇಕು. ಮುಟ್ಟು ನಿಂತು, ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣುವ ಹೊತ್ತಿಗೆ ಆ 28 ದಿನಗಳು ಬಹುತೇಕ ಕಳೆದುಹೋಗಿರುತ್ತವೆ.