ಮಾತಿಲ್ಲದ ಮಾರುಕಟ್ಟೆಯಲ್ಲಿ ಮಗಳ ಮೊದಲ ಬ್ರಾ

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ‘ವೆಲ್ತ್ ಆಫ್ ನೇಷನ್ಸ್’ (1776) ಗ್ರಂಥದಲ್ಲಿ ಆಡಂ ಸ್ಮಿತ್ ಒಂದು ಲಿನನ್ ಅಂಗಿಯ ಪ್ರಸ್ತಾಪ ಮಾಡುತ್ತಾನೆ. ಜೀವ ಉಳಿಸಿಕೊಳ್ಳಲು ಅಂಥ ಅಂಗಿ ಬೇಕಿಲ್ಲ. ಪ್ರಾಚೀನ ಗ್ರೀಕರೂ ರೋಮನ್ನರೂ ಅದಿಲ್ಲದೆಯೇ ಬಾಳಿದರು. ಆದರೆ ತನ್ನ ಕಾಲದ ಯುರೋಪಿನಲ್ಲಿ ಮರ್ಯಾದಸ್ಥ ಕೂಲಿಕಾರನೊಬ್ಬ ಅದಿಲ್ಲದೆ ನಾಲ್ಕು ಜನರ ಮುಂದೆ ನಿಲ್ಲಲು ನಾಚುತ್ತಾನೆ. ಆದ್ದರಿಂದ ಅದು ಅವಶ್ಯಕ ವಸ್ತುವೇ ಎಂಬುದು ಅವನ ವಾದ. ಅಮರ್ತ್ಯ ಸೇನ್ ಈ ಉದಾಹರಣೆಯನ್ನು ಹಲವು ಬಾರಿ ಎತ್ತಿಕೊಂಡು, ಅಳುಕಿಲ್ಲದೆ ಸಮಾಜದಲ್ಲಿ ಓಡಾಡುವ ಸಾಮರ್ಥ್ಯವೂ ಬಡತನದ ಲೆಕ್ಕಕ್ಕೆ ಸೇರಬೇಕು ಎಂದಿದ್ದಾರೆ.

ಬೆಳೆಯುವ ಹುಡುಗಿಯ ಮೊದಲ ಬ್ರಾ ಈ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಆದರೂ ನಮ್ಮ ಮನೆಗಳ ಖರ್ಚಿನ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಶಾಲೆ ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಹೆಚ್ಚು ದಿನಗಳ ಅಂತರವಿಲ್ಲ. ಪುಸ್ತಕ, ಬೂಟು, ಕೊಡೆ, ರೇನ್‌ಕೋಟು ಎಂದು ಚೀಟಿ ಬರೆಯುವ ತಾಯಿ ಈ ಒಂದನ್ನು ಮಾತ್ರ ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾಳೆ.

ಬಾಲಕಿಯರಲ್ಲಿ ಎದೆ ಮೂಡತೊಡಗುವುದು ಸಾಮಾನ್ಯವಾಗಿ 8ರಿಂದ 13ನೆಯ ವಯಸ್ಸಿನ ನಡುವೆ. ಮುಟ್ಟು ಆರಂಭವಾಗುವುದು ಅದಾದ ಎರಡು, ಎರಡೂವರೆ ವರ್ಷಗಳಿಗೆ. ಮೈನೆರೆದ ಹುಡುಗಿಗೆ ಆರತಿ ಎತ್ತುವ ನಮ್ಮ ಸಮಾಜ, ಅದಕ್ಕೆ ಮುಂಚಿನ ಈ ಎರಡು ವರ್ಷಗಳನ್ನು ಕಂಡೂ ಕಾಣದಂತೆ ಇರುತ್ತದೆ. ಆ ಅವಧಿಯಲ್ಲಿ ಹುಡುಗಿ ಬೆನ್ನು ಬಾಗಿಸಿ ನಡೆಯುತ್ತಾಳೆ, ಪುಸ್ತಕದ ಚೀಲವನ್ನು ಎದೆಗವಚಿಕೊಳ್ಳುತ್ತಾಳೆ, ಆಟದ ಅವಧಿ ಬಂದರೆ ಹೊಟ್ಟೆನೋವು ಎನ್ನುತ್ತಾಳೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ತಂಡವೊಂದು 2,089 ಶಾಲಾ ಬಾಲಕಿಯರನ್ನು ಪ್ರಶ್ನಿಸಿ 2016ರಲ್ಲಿ ವರದಿ ಪ್ರಕಟಿಸಿತು. ಎದೆಗೆ ಸಂಬಂಧಿಸಿದ ಮುಜುಗರ, ನೋವುಗಳಿಂದಾಗಿ ಆಟೋಟದಲ್ಲಿ ಭಾಗವಹಿಸಲು ಅಡ್ಡಿಯಾಗುತ್ತಿದೆ ಎಂದವರು ಹತ್ತಿರಹತ್ತಿರ ಅರ್ಧದಷ್ಟು. ಈ ವಿಷಯ ಇನ್ನಷ್ಟು ತಿಳಿಯಬೇಕು ಎಂದವರು ಶೇ 87. ಅಲ್ಲಿಯೇ ಹೀಗಾದರೆ ನಮ್ಮ ಹೋಬಳಿ ಶಾಲೆಗಳ ಸ್ಥಿತಿಯನ್ನು ಊಹಿಸಬಹುದು.

ಮಾರುಕಟ್ಟೆ ಸರಿಯಾಗಿ ನಡೆಯಲು ಕೊಳ್ಳುವವರ ಬಳಿ ಹಣವಿದ್ದರೆ ಸಾಲದು. ಬೇಕಾದುದನ್ನು ಕೇಳುವ, ಬೇಡವಾದುದನ್ನು ನಿರಾಕರಿಸುವ ಮಾತೂ ಬೇಕು. ಸೀರೆ ಕೊಳ್ಳುವಾಗ ಇಪ್ಪತ್ತು ಸೀರೆ ಬಿಡಿಸಿ ಸೆರಗು ತಿರುಗಿಸಿ ನೋಡುವ ಹೆಂಗಸರು, ಬ್ರಾ ಕೊಳ್ಳುವಾಗ ಕೌಂಟರಿನ ಮೂಲೆಯಲ್ಲಿ ಪಿಸುಗುಟ್ಟಿ, ಕಾಗದದಲ್ಲಿ ಸುತ್ತಿಸಿಕೊಂಡು ಹೊರಡುತ್ತಾರೆ. ಬಟವಾಡೆಯಾದ ಮೇಲಿನ ಸಂತೆಯಲ್ಲಂತೂ ಗಂಡಸರ ಕಣ್ಣೆದುರೇ ರಾಶಿಯಿಂದ ಒಂದನ್ನು ಎಳೆದುಕೊಳ್ಳಬೇಕು. ಕೊಳ್ಳುವವಳು ಮೌನವಾಗಿದ್ದಲ್ಲಿ ಅಂದಾಜೇ ಅಳತೆಯಾಗುತ್ತದೆ.

1999ರಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಸೇವೆಯಲ್ಲಿದ್ದಾಗ ಮಗಳಿಗೆ ಹನ್ನೆರಡು ವರ್ಷ. ಶಾಲೆಯ ಖೊ–ಖೊ ತಂಡದಲ್ಲಿದ್ದಳು. ಅಂಗಡಿಯಾತ ಅವಳನ್ನು ಒಮ್ಮೆ ನೋಡಿ, “ಬೆಳೆಯೋ ಹುಡುಗಿ ಮೇಡಂ, ಒಂದು ಸೈಜು ದೊಡ್ಡದೇ ಇರಲಿ” ಎಂದು ಪೊಟ್ಟಣ ಕಟ್ಟಲು ಹೊರಟ. ಯೂನಿಫಾರ್ಮಿಗೆ ಸಲ್ಲುವ ಈ ಜಾಣತನ ಇದಕ್ಕೆ ಸಲ್ಲದು. “ಅಮ್ಮ, ಓಡುವಾಗ ಜಾರುತ್ತಲ್ಲ?” ಎಂದು ಮಗಳು ನನ್ನ ಕಿವಿಯಲ್ಲಿ ಕೇಳಿದ್ದು ಯಾವ ತಜ್ಞರ ಸಲಹೆಗಿಂತಲೂ ಸರಿಯಾಗಿತ್ತು. ಕೊಳ್ಳದೆ ಮನೆಗೆ ಬಂದು, ಟೇಪು ಹಿಡಿದು ಅಳತೆ ಬರೆದುಕೊಂಡೆವು. ಮಾರನೆಯ ವಾರ ಬೇರೊಂದು ಅಂಗಡಿಯಲ್ಲಿ ಆ ಚೀಟಿಯನ್ನು ಮುಂದಿಟ್ಟವಳೂ ಬಣ್ಣ ಆರಿಸಿದವಳೂ ಅವಳೇ.

ಅಳತೆಯೇನೂ ಬ್ರಹ್ಮವಿದ್ಯೆಯಲ್ಲ. ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಒಂದು ಅಳತೆ. ಎದೆಯ ತುಂಬುಭಾಗದ ಸುತ್ತ ಇನ್ನೊಂದು. ಮೊದಲನೆಯದು ಪಟ್ಟಿಯನ್ನು ನಿರ್ಧರಿಸುತ್ತದೆ, ಎರಡರ ನಡುವಿನ ವ್ಯತ್ಯಾಸ ಕಪ್ಪನ್ನು. ಆಧಾರ ಕೊಡಬೇಕಾದುದು ಮುಖ್ಯವಾಗಿ ಪಟ್ಟಿ, ಭುಜದ ಮೇಲಿನ ಎಳೆಗಳಲ್ಲ. ಪಟ್ಟಿಯ ಒಳಗೆ ಎರಡು ಬೆರಳು ತೂರಬೇಕು. ಕೈಯೆತ್ತಿದಾಗ ಅದು ಮೇಲೇರಬಾರದು. ಮೊದಮೊದಲಿಗೆ ಕೊಕ್ಕೆಯಿಲ್ಲದ, ಮೆತ್ತನೆಯ ಹತ್ತಿಯದು ಸಾಕು. ಒಂದು ಪಕ್ಕ ಇನ್ನೊಂದಕ್ಕಿಂತ ತುಸು ಮುಂಚೆ ಬೆಳೆಯುವುದು ಸಹಜವೆಂದು ಹುಡುಗಿಗೆ ಹೇಳಬೇಕು. ಹೇಳದಿದ್ದರೆ ಅವಳು ರೋಗವೆಂದು ಹೆದರುತ್ತಾಳೆ. ತೊಡಲೇಬೇಕೆಂಬ ವೈದ್ಯಕೀಯ ಕಟ್ಟಳೆಯೂ ಇಲ್ಲ. ಬೇಕು ಅನ್ನಿಸುವುದು ಅವಳಿಗೆ. ಯಾವಾಗ ಎಂಬುದೂ ಅವಳ ತೀರ್ಮಾನವಾಗಿರಲಿ.

ಮಲೆನಾಡಿಗೆ ಇನ್ನೊಂದು ತೊಡಕು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದೇ ಒಂದು ಸಾಹಸ. ಬಚ್ಚಲುಮನೆಯ ಹಂಡೆಯೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಅಂಗಿ, ಪಂಚೆ, ಲಂಗಗಳಿಗೆಲ್ಲ ಜಾಗವಿದೆ. ಹೆಂಗಸರ ಒಳಉಡುಪು ಮಾತ್ರ ಟವೆಲಿನ ಮರೆಯಲ್ಲಿ ಅಡಗಬೇಕು. ಮುಚ್ಚಿಟ್ಟ ಬಟ್ಟೆ ಒಣಗುವುದಿಲ್ಲ. ಹಸಿಯನ್ನೇ ತೊಟ್ಟು ಹೋಗುವ ಹುಡುಗಿಗೆ ತುರಿಕೆ, ಹುಳುಕಡ್ಡಿ ಅಂಟುತ್ತದೆ. ಅದನ್ನೂ ಅವಳು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಮೂರಾದರೂ ಇರಲಿ, ಮಳೆಗಾಲಕ್ಕೆ ಒಂದು ಹೆಚ್ಚೇ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯಾಡುವ ಕಡೆ ರಾಜಾರೋಷವಾಗಿ ಒಣಗಲಿ. ಇದಕ್ಕೆ ಮನೆಯ ಗಂಡಸರು ಮಾಡಬೇಕಾದ ತ್ಯಾಗವೇನೂ ಇಲ್ಲ. ಹಗ್ಗದ ಮೇಲಿನ ಬಟ್ಟೆಯನ್ನು ಬಟ್ಟೆಯೆಂದೇ ನೋಡಿದರೆ ಸಾಕು.

ತಾಯಿ ಹತ್ತಿರವಿರುವ ಮನೆಯ ಮಾತಾಯಿತು. ಆದರೆ ಆರನೆಯ ತರಗತಿಗೇ ವಸತಿ ಶಾಲೆ ಸೇರುವ ಲೈನುಮನೆಯ ಹುಡುಗಿಯರ ಗತಿ? ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಲ್ಲಿ ಅವರು ಕಳೆಯುವುದು ನಿಖರವಾಗಿ ಇದೇ ವರ್ಷಗಳನ್ನು. ಕಾಫಿ ಕುಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಮಗಳನ್ನು ಪೇಟೆಗೆ ಕರೆದೊಯ್ಯುವುದು ತಾಯಿಗೆ ಸುಲಭವಲ್ಲ.

ಮೌನ ಮುರಿಯಲಾಗದು ಎಂದು ಯಾರೂ ಹೇಳಬೇಕಾಗಿಲ್ಲ. ಸ್ಯಾನಿಟರಿ ನ್ಯಾಪ್‌ಕಿನ್ ವಿಷಯದಲ್ಲಿ ಅದು ನಮ್ಮ ಕಣ್ಣೆದುರೇ ಮುರಿದಿದೆ. 2013–14ರಲ್ಲಿ ರಾಜ್ಯ ಸರ್ಕಾರ ‘ಶುಚಿ’ ಯೋಜನೆ ತಂದಿತು. ನಡುವೆ ನಿಂತುಹೋಗಿದ್ದ ಅದು 2024ರಲ್ಲಿ ಮತ್ತೆ ಚಾಲನೆ ಪಡೆಯಿತು. ನ್ಯಾಪ್‌ಕಿನ್ ಮೇಲಿನ ಜಿಎಸ್‌ಟಿ 2018ರ ಜುಲೈನಲ್ಲಿ ರದ್ದಾಯಿತು. ಕಡತದಲ್ಲಿ ಹೆಸರು ಬಿದ್ದ ವಸ್ತುವಿಗೆ ಅನುದಾನವೂ ಬರುತ್ತದೆ, ಅನುದಾನ ನಿಂತರೆ ಕೇಳುವವರೂ ಇರುತ್ತಾರೆ ಎಂಬುದು ಸೇವೆಯ ಉದ್ದಕ್ಕೂ ನಾನು ಕಂಡ ಸತ್ಯ.

ಪ್ರತಿಯೊಂದು ಬಾಲಕಿಯರ ವಸತಿ ಶಾಲೆಯಲ್ಲೂ ಒಂದು ಟೇಪು, ಅದನ್ನು ಹಿಡಿಯಬಲ್ಲ ಒಬ್ಬ ಮಹಿಳಾ ಸಿಬ್ಬಂದಿ, ವರ್ಷಕ್ಕೆರಡು ಬಾರಿ ಅವರವರ ಅಳತೆಗೆ ತಕ್ಕ ಮೂರು ಬ್ರಾ, ಮಳೆಗಾಲದಲ್ಲಿ ಅವನ್ನು ಒಣಗಿಸಲು ಸೂರಿನಡಿ ಒಂದು ಹಗ್ಗ: ಬೇಡಿಕೆ ಇಷ್ಟೇ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಖರೀದಿ ಪಟ್ಟಿಯಲ್ಲಿ ಒಂದು ಸಾಲು, ಅದರ ಹೆಸರನ್ನು ಸಂಕೋಚವಿಲ್ಲದೆ ಬರೆಯುವ ಒಬ್ಬ ಅಧಿಕಾರಿ ಸಾಕು.